ಭೇಟಿಗೆ ಮುನ್ನೂರು ರೂಪಾಯಿ

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಕೆಲಸ, ಮೂರನೆಯದು ಪಗಾರ. ಮುಂಡರಗಿ ಬಸ್ಸಾದರೆ ಡಂಬಳ ಬರುವುದರೊಳಗೆ ಮೂರೂ ಮುಗಿದಿರುತ್ತವೆ. ಊರು ಬೆಟಗೇರಿ ಎನ್ನುತ್ತೇನೆ. ಕೆಲಸ, ವೃದ್ಧಾಶ್ರಮದಲ್ಲಿ ಇರುವವರ ಪರವಾಗಿ ಮಾತಾಡುವುದು ಎನ್ನುತ್ತೇನೆ. ಪಗಾರದ ಮಾತು ಬಂದಾಗ ಸುಳ್ಳು ಹೇಳುತ್ತೇನೆ. ಒಂದೆರಡು ಸಲ ನಿಜ ಹೇಳಿ, ಎದುರಿನವರು ಅಯ್ಯೋ ಪಾಪ ಎಂದು ತುಟಿ ಕಚ್ಚಿದ್ದು ನೋಡಿ ಮೈ ಉರಿದುಹೋಗಿತ್ತು.

ನನ್ನ ಪಾಲಿಗೆ ನಾಲ್ಕು ಆಶ್ರಮಗಳು. ಬೆಟಗೇರಿಯಲ್ಲಿ ಒಂದು, ಲಕ್ಷ್ಮೇಶ್ವರದಲ್ಲಿ ಒಂದು, ಶಿರಹಟ್ಟಿಯಲ್ಲಿ ಒಂದು, ಮುಂಡರಗಿಯಲ್ಲಿ ಒಂದು. ಒಂದೊಂದಕ್ಕೂ ತಿಂಗಳಿಗೆ ಎರಡು ಸಲ ಹೋಗಬೇಕು. ಸಾರು ಹಳಸಿದ್ದರೆ, ಗುಳಿಗೆ ಕೊಡುವುದು ಮರೆತಿದ್ದರೆ, ಯಾರಾದರೂ ಗದರಿದ್ದರೆ ಅಲ್ಲಿರುವ ಹಿರಿಯರು ನನಗೆ ಹೇಳಬೇಕು. ನಾನು ಅದನ್ನು ಬರೆದು ಗದಗಿನಲ್ಲಿರುವ ನಮ್ಮ ಸಂಸ್ಥೆಯ ಕಚೇರಿಗೆ ಮುಟ್ಟಿಸಬೇಕು. ಒಂದು ಭೇಟಿಗೆ ಮುನ್ನೂರು ರೂಪಾಯಿ. ಅದನ್ನು ಪಗಾರ ಅನ್ನುವಂತಿಲ್ಲ, ಕಾಗದದಲ್ಲಿ ಅದು ಗೌರವಧನ.

ಮೊದಲು ಮುನ್ನೂರ ನಲವತ್ತು ಇತ್ತು. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದಾದ ತಿಂಗಳೇ ಕಚೇರಿಯವರು ಆ ನಲವತ್ತನ್ನು ಕತ್ತರಿಸಿದರು. ನಮ್ಮ ಜತೆ ಈ ಕೆಲಸದಲ್ಲಿರುವ ಒಬ್ಬನೇ ಒಬ್ಬ ಗಂಡಸು ಮೋಟರ್ ಸೈಕಲ್ಲಿನಲ್ಲಿ ಓಡಾಡುತ್ತಾನೆ, ಅವನಿಗೆ ಇವತ್ತಿಗೂ ಮುನ್ನೂರ ನಲವತ್ತು. ಆಶ್ರಮದ ನೀರಿನ ಟಾಕಿ ತೊಳೆಯಲು ಬರುವವನು ಒಂದು ಹೊತ್ತಿಗೆ ಏಳುನೂರು ತಗೊಳ್ಳುತ್ತಾನೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಕಷ್ಟದ ಕೆಲಸ. ಆದರೆ ಅವನಿಗೆ ಯಾರೂ ‘ಇದು ಸೇವಾರೀ, ರೊಕ್ಕದ ಮಾತ ಬ್ಯಾಡ’ ಅನ್ನುವುದಿಲ್ಲ. ನನಗೆ ವರ್ಷಕ್ಕೊಮ್ಮೆ ಸಭೆಯಲ್ಲಿ ಅನ್ನುತ್ತಾರೆ, ಅಂದು ಮುಗಿಸಿದ ಮೇಲೆ ಒಂದು ಶಾಲು ಹೊದಿಸುತ್ತಾರೆ.

“ಟ್ರಂಕಿನ್ಯಾಗ ಆರ ಶಾಲು ಆದ್ವು,” ಎಂದರು ನಮ್ಮ ಯಜಮಾನರು ಹೋದ ಸಲ. “ಕಿರಾಣಿ ಅಂಗಡಿಯಾವ ಒಂದನ್ನರ ತಗೋತಾನೇನು ಕೇಳ್ಕೊಂಡ್ ಬಾ.” ಅವರು ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ, ಅವರ ತಾಟಿಗೆ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಹಾಕಿದೆ.

ಇಷ್ಟೇ ಆಗಿದ್ದರೆ ಗೊಣಗಿಕೊಂಡು ಸುಮ್ಮನಿರುತ್ತಿದ್ದೆ. ಕಡಿಮೆ ಕೂಲಿಗೆ ದುಡಿಯುವವಳು ಈ ಊರಲ್ಲಿ ನಾನೊಬ್ಬಳೇ ಅಲ್ಲ. ನನ್ನ ಸಿಟ್ಟು ಬೇರೆ ಕಡೆಗಿದೆ. ಪ್ರತಿ ಭೇಟಿಗೂ ಒಂದು ಚೀಟಿ ಇರುತ್ತದೆ. ಮೇಲೆ ತಾರೀಖು, ನಡುವೆ ನಾನು ಕಂಡದ್ದನ್ನು ಬರೆಯಲು ನಾಲ್ಕು ಗೆರೆ, ಕೆಳಗೆ ಆಶ್ರಮದ ಮ್ಯಾನೇಜರನ ಸಹಿ ಮತ್ತು ಮೊಹರು, ನಮ್ಮ ಕಡೆಯ ಮಾತಿನಲ್ಲಿ ಸಿಕ್ಕಾ. ಮೊಹರು ಬಿದ್ದರೆ ಮಾತ್ರ ಮುನ್ನೂರು. ಯಾರ ಮೇಲೆ ನಾನು ದೂರು ಬರೆಯಬೇಕೋ ಅವನೇ ನನ್ನ ಕೂಲಿಗೆ ಮೊಹರು ಒತ್ತಬೇಕು. ಆರು ವರ್ಷ ಈ ಚೀಟಿ ಬರೆದಿದ್ದೇನೆ. ಈ ನಿಯಮ ಎಷ್ಟು ಕೆಟ್ಟದ್ದು ಎಂದು ನನಗೆ ನಾನಾಗಿ ಹೊಳೆಯಲಿಲ್ಲ ಎನ್ನಲು ನಾಚಿಕೆಯಾಗುತ್ತದೆ. ನಾಲ್ಕು ಗೆರೆಯಲ್ಲಿ ‘ತೃಪ್ತಿಕರ’ ಎಂದು ಬರೆದು, ಚಹಾ ಕುಡಿದು, ಮೊಹರು ಹೊಡೆಸಿಕೊಂಡು ಬಸ್ಸು ಹಿಡಿಯುತ್ತಿದ್ದೆ. ಸಣ್ಣಪುಟ್ಟ ತೊಂದರೆಗಳನ್ನು ಬಾಯಿಮಾತಿನಲ್ಲೇ ಸರಿಮಾಡಿಸುತ್ತಿದ್ದೆ.

ಆ ನಿಯಮದ ಕೆಡುಕನ್ನು ನನಗೆ ತೋರಿಸಿಕೊಟ್ಟವಳು ಒಬ್ಬ ಮುದುಕಿ. ನಾಲ್ಕರಲ್ಲಿ ಯಾವ ಆಶ್ರಮದವಳು ಎಂದು ಬರೆಯುವುದಿಲ್ಲ. ಮೂಲ ಬೆಳ್ಳಟ್ಟಿಯವಳು. ಚಿಕ್ಕ ವಯಸ್ಸಿಗೇ ಗಂಡ ಹೋದ ಮೇಲೆ ಗದಗಿಗೆ ಬಂದು, ಹತ್ತಿ ಫ್ಯಾಕ್ಟರಿಯಲ್ಲಿ ಅರಳೆ ಆರಿಸಿಯೇ ಜೀವನ ಕಳೆದಿದ್ದಳು. ಆರಿಸಿದ ತೂಕದ ಮೇಲೆ ಕೂಲಿ, ಶನಿವಾರ ಬಟವಡೆ. ಮಕ್ಕಳಿಲ್ಲ. ಮೊಣಕಾಲು ಪೂರ್ತಿ ಕೈಕೊಟ್ಟ ಮೇಲೆ ತಂಗಿಯ ಮಗಳು ತಂದು ಇಲ್ಲಿ ಸೇರಿಸಿದ್ದಳು.

ಮೊದಲ ದಿನ ನಾನು ಕೈಮುಗಿದು, ನಿಮ್ಮ ಪರವಾಗಿ ಮಾತಾಡಲು ಬಂದಿದ್ದೇನೆ ಎಂದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಿನ್ನ ಬಟವಡಿ ಯಾರ ಮಾಡ್ತಾರ ತಂಗಿ?”

ಕಚೇರಿಯವರು ಎಂದೆ. ಚೀಟಿ ತೋರಿಸಿ, ಮೊಹರಿನ ವಿಷಯವನ್ನೂ ಹೇಳಿದೆ. ಅವಳು ಜೋರಾಗಿ ನಕ್ಕಳು.

“ನಮ್ಮ ಫ್ಯಾಕ್ಟರಿಯಾಗೂ ಹಿಂಗ ಇತ್ತ ನೋಡು. ಕಾಟಾ ಹಿಡಿಯಾವ ತೂಕದಾಗ ಹೊಡೀತಿದ್ದ. ಅವನ ಮ್ಯಾಲ ತಕರಾರ ಹೇಳಿದ್ರ, ಬರೋ ಶನಿವಾರ ನಮ್ಮ ಅರಳಿ ತೂಗಾವ ಯಾರು? ಅವನ.”

ನಾನೂ ನಕ್ಕೆ. ಆಗ ಅವಳಿಗೆ ಯಾವ ತಕರಾರೂ ಇರಲಿಲ್ಲ. ಕೆಳಗಿನ ಅಂಕಣದಲ್ಲಿ ಬಾಗಿಲ ಪಕ್ಕದ ಮಂಚ ಅವಳದು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಅಂಗಳ, ಅಂಗಳದಲ್ಲಿ ಬೇವಿನ ಗಿಡ. ಬೆಳಗಿನಿಂದ ಸಂಜೆಯ ತನಕ ಅವಳು ಆ ಗಿಡದ ಬುಡದಲ್ಲಿ ಕಾಲು ಚಾಚಿ ಕೂತು, ಅಡುಗೆಯವಳಿಗೆ ಕಾಳು ಹಸನು ಮಾಡಿಕೊಡುತ್ತ, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದಳು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹೋದಾಗ ಆ ಮಂಚ ಇರಲಿಲ್ಲ. ಆ ಜಾಗದಲ್ಲಿ ಸೋಫಾ, ಗಾಜಿನ ಟೀಪಾಯಿ, ಗೋಡೆಯ ಮೇಲೆ ಬಣ್ಣದ ಕಾಗದದ ಮಾಲೆ ಇದ್ದವು. ಈಗ ಎಲ್ಲರೂ ಮಕ್ಕಳ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ಆಶ್ರಮದಲ್ಲಿ ಹೋಳಿಗೆ ಊಟ ಹಾಕಿಸುತ್ತಾರಲ್ಲ, ಆ ದಾನಿಗಳು ಕೂತು ಫೋಟೋ ತೆಗೆಸಿಕೊಳ್ಳಲು ಒಂದು ಕೋಣೆ ಬೇಕಾಗಿತ್ತು. ಮುದುಕಿಯನ್ನು ಇಬ್ಬರು ಹೊತ್ತು ಮಾಳಿಗೆಗೆ ಹಾಕಿದ್ದರು. ಮೇಲೆ ಒಳ್ಳೆಯ ಗಾಳಿ, ಕಿಟಕಿಯಿಂದ ಕಪ್ಪತಗುಡ್ಡ ಕಾಣುತ್ತದೆ. ಆದರೆ ಮೆಟ್ಟಿಲು ಹದಿನೆಂಟು, ಅದರಲ್ಲಿ ಒಂದನ್ನೂ ಇಳಿಯುವ ಶಕ್ತಿ ಆ ಮೊಣಕಾಲಿಗೆ ಇರಲಿಲ್ಲ.

“ಎಲ್ಲಾರೂ ಗುಡ್ಡ ನೋಡು, ಗುಡ್ಡ ನೋಡು ಅಂತಾರ. ಗುಡ್ಡ ತಗೊಂಡ ಏನ ಮಾಡ್ಲಿ?” ಎಂದಳು ನನ್ನ ಕೈ ಹಿಡಿದು. “ಹತ್ತ ದಿನ ಆತು, ನೆಲಕ್ಕ ಕಾಲ ಇಟ್ಟಿಲ್ಲ. ಆ ಸೋಪಾದ ಮ್ಯಾಲ ಕುಂಡ್ರಾವ್ರು ತಿಂಗಳಿಗೆ ನಾಕ ತಾಸ ಬರ್ತಾರ. ನನ್ನ ಕೆಳಗ ಇಳಸಾಕ ಹೇಳ ತಂಗಿ. ಬ್ಯಾರೆ ಏನೂ ಬ್ಯಾಡ.”

ನಾನು ನಾಲ್ಕು ಗೆರೆಯೂ ತುಂಬುವಂತೆ ಬರೆದೆ. ಕೆಳಗಿಳಿದು ಮ್ಯಾನೇಜರನ ಮೇಜಿನ ಮೇಲೆ ಇಟ್ಟೆ. ಅವನು ಕೆಟ್ಟ ಮನುಷ್ಯನಲ್ಲ, ಯಾವಾಗಲೂ ಕುರ್ಚಿ ಎಳೆದು ಕೂರಿಸುತ್ತಾನೆ. ಚೀಟಿ ಓದಿ, ನನ್ನ ಕಡೆಗೇ ತಿರುಗಿಸಿದ.

“ಅಕ್ಕಾರ, ಆ ದಾನಿಗಳ ರೊಕ್ಕದಾಗ ಇಲ್ಲಿ ಒಲಿ ಉರೀತೈತಿ. ಅವರ್ನ ನಾ ಅಂಗಳದಾಗ ಕುಂಡ್ರಿಸ್ಲೇನು? ಮತ್ತ ನನ್ನ ಮ್ಯಾಲಿನ ತಕರಾರಕ್ಕ ನಾನ ಸಿಕ್ಕಾ ಹೊಡೀ ಅಂದ್ರ ಹ್ಯಾಂಗ್ರಿ?”

“ಹೊಡೀಬ್ಯಾಡ್ರಿ,” ಎಂದು ಚೀಟಿ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಹೆಮ್ಮೆ. ಮುನ್ನೂರು ಹೋದರೆ ಹೋಗಲಿ, ಒಬ್ಬ ಮುದುಕಿಗಾಗಿ ಬಿಟ್ಟೆ ಎಂದುಕೊಂಡೆ. ಪಕ್ಕದ ಸೀಟಿನವಳು ಪಗಾರ ಕೇಳಿದ್ದರೆ ಆವತ್ತು ನಿಜವನ್ನೇ ಹೇಳಿಬಿಡುತ್ತಿದ್ದೆ.

ಕಚೇರಿಯ ಅಧಿಕಾರಿ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು.

“ಸಿಕ್ಕಾ ಇಲ್ಲಲ್ರೀ ಮೇಡಂ. ಇದು ಪಾಸ್ ಆಗಂಗಿಲ್ಲ.”

“ರೊಕ್ಕ ಬ್ಯಾಡ್ರಿ. ಆಕಿ ದೂರು ತಗೋರಿ.”

“ದೂರು ಹ್ಯಾಂಗ ತಗೊಳ್ಲಿ? ಸಿಕ್ಕಾ ಇಲ್ಲಂದ್ರ ರೆಕಾರ್ಡ್ ಪ್ರಕಾರ ನೀವು ಅಲ್ಲಿಗೆ ಹೋಗೇ ಇಲ್ಲ. ಹೋಗದ ಇದ್ದಲ್ಲಿ ಏನ ಕಂಡ್ರಿ ಅಂತ ಬರ್ಕೊಳ್ಲಿ?”

ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ, ಹದಿನೆಂಟು ಮೆಟ್ಟಿಲು ಹತ್ತಿ, ಅವಳ ಪಕ್ಕದಲ್ಲಿ ಕೂತು ಬಂದಿದ್ದೇನೆ. ಆದರೆ ಹೋಗಿಯೇ ಇಲ್ಲ! ನನ್ನ ಕೂಲಿಯ ಜೊತೆ ಅವಳ ದೂರೂ ಅದೇ ಮೊಹರಿಗೆ ಸಿಕ್ಕಿಬಿದ್ದಿದೆ ಎಂದು ತಿಳಿದದ್ದು ಆವತ್ತು. ಮ್ಯಾನೇಜರನ ಮೊಹರಿನ ಬದಲು ಅಲ್ಲಿರುವ ಹಿರಿಯರಲ್ಲೇ ಒಬ್ಬರ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತೇನೆ ಎಂದೆ. ವಯಸ್ಸಾದವರು, ಇವತ್ತು ಒಂದು ಹೇಳುತ್ತಾರೆ ನಾಳೆ ಒಂದು ಹೇಳುತ್ತಾರೆ ಎಂದರು. ಹಾಗಾದರೆ ಅವರ ಮಾತು ಕೇಳಲು ನನ್ನನ್ನು ಯಾಕೆ ಕಳಿಸುತ್ತೀರಿ ಎಂದು ಕೇಳಿದೆ, ದನಿ ಏರಿತ್ತು. ಅವರು ನೀರು ತರಿಸಿ ಕೊಟ್ಟರು.

ಇನ್ನೂ ಎರಡು ಸಲ ಹಾಗೆಯೇ ಬರೆದೆ, ಎರಡು ಸಲವೂ ಮೊಹರು ಬೀಳಲಿಲ್ಲ. ನವೆಂಬರ್ ಹೋಯಿತು, ಡಿಸೆಂಬರ್ ಬಂತು. ಮನೆಯಲ್ಲಿ ಮಗಳ ಕಾಲೇಜಿನ ಪರೀಕ್ಷಾ ಫೀ ಕಟ್ಟುವುದಿತ್ತು. ಅದನ್ನೂ ಹೇಳಿಯೇ ಬಿಡಬೇಕು, ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದು ಬರೀ ಜಾಣತನ ಅನ್ನಿಸುತ್ತದೆ. ಚೀಟಿಯಲ್ಲಿ ‘ತೃಪ್ತಿಕರ’ ಎಂದು ಬರೆದು ಮೊಹರು ಹೊಡೆಸಿಕೊಳ್ಳುವುದು, ಮುದುಕಿಯ ವಿಷಯವನ್ನು ಬೇರೆ ಹಾಳೆಯಲ್ಲಿ ಅರ್ಜಿಯಾಗಿ ಬರೆದು ಕೊಡುವುದು ಎಂದು ಲೆಕ್ಕ ಹಾಕಿದೆ. ಭೇಟಿ ರೆಕಾರ್ಡಿಗೆ ಬರುತ್ತದೆ, ದೂರೂ ಮುಟ್ಟುತ್ತದೆ, ಮುನ್ನೂರೂ ಕೈಗೆ ಬರುತ್ತದೆ. ಮ್ಯಾನೇಜರ್ ಚೀಟಿ ಓದಿ, ಮೊಹರು ಒತ್ತಿ, ಒಳಗಿನಿಂದ ಚಹಾದ ಜೊತೆ ಎರಡು ಬಿಸ್ಕೀಟು ತರಿಸಿದ. ತಿಂದೆ.

ಹದಿನೈದು ದಿನ ಬಿಟ್ಟು ಅಧಿಕಾರಿ ಕರೆಸಿದರು. ಮೇಜಿನ ಮೇಲೆ ಚೀಟಿ ಮತ್ತು ಅರ್ಜಿ ಅಕ್ಕಪಕ್ಕ ಇದ್ದವು. ಒಂದೇ ತಾರೀಖು, ಒಂದೇ ಕೈಬರಹ.

“ಇವೆರಡರಾಗ ಯಾವುದು ಸುಳ್ಳು, ನೀವ ಹೇಳ್ರಿ.”

“ಚೀಟಿದು.”

“ಅಂದ್ರ ಸುಳ್ಳ ಬರದು ಗೌರವಧನ ತಗೊಂಡೀರಿ ಅಂತ ಬರ್ಕೊಳ್ಲೇನು?”

ಅವರು ನನ್ನನ್ನು ಉಳಿಸುವವರ ಹಾಗೆ ನಿಟ್ಟುಸಿರು ಬಿಟ್ಟು, ಸಿಕ್ಕಾ ಇದ್ದದ್ದೇ ರೆಕಾರ್ಡು ಎಂದು ಅರ್ಜಿಯ ಮೂಲೆಯಲ್ಲಿ ‘ಮುಕ್ತಾಯ’ ಎಂದು ಬರೆದರು. ನನ್ನದೇ ಅಕ್ಷರದಿಂದ ಅವಳ ದೂರು ಮುಗಿಯಿತು. ಅವರ ಮೇಲೆ ಬರಬೇಕಾದ ಸಿಟ್ಟು, ನಿಯಮ ಮಾಡಿದವರ ಮೇಲಿನ ಸಿಟ್ಟು, ಆ ಕತ್ತರಿಸಿದ ನಲವತ್ತರ ಸಿಟ್ಟು, ಎಲ್ಲ ಒಟ್ಟಿಗೇ ಬಂತು. ಆದರೆ ಕೂಗಾಡಲು ಬಾಯಿ ಉಳಿದಿರಲಿಲ್ಲ. ಆ ಎರಡು ಬಿಸ್ಕೀಟು ನೆನಪಾಗಿ ಅಸಹ್ಯವಾಯಿತು.

ಮುಂದಿನ ಭೇಟಿಯ ದಿನ ಮಾಳಿಗೆ ಹತ್ತಿದೆ. ಅವಳು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಪಾದಗಳು ಊದಿ, ಚರ್ಮ ಮಿಂಚುತ್ತಿತ್ತು. ಮೊದಲೆಲ್ಲ ಅವಳ ಹಿಮ್ಮಡಿಯಲ್ಲಿ ಅಂಗಳದ ಮಣ್ಣು ಕೂತಿರುತ್ತಿತ್ತು, ಈಗ ಕಾಲು ಸ್ವಚ್ಛವಾಗಿತ್ತು.

“ನನ್ನ ಸುದ್ದಿ ಏನಾತು?”

ಏನೂ ಮುಚ್ಚಿಡದೆ ಹೇಳಿದೆ. ಚೀಟಿ, ಅರ್ಜಿ, ಮುಕ್ತಾಯ. ಹೇಳುತ್ತ ಹೇಳುತ್ತ ನನ್ನ ಮಾತು ನನಗೆ ಗೊತ್ತಾಗದಂತೆ ಬೇರೆ ಕಡೆಗೆ ಹೊರಳಿತು. ಅವರು ಕೊಡುವುದು ಎಷ್ಟು ಕಡಿಮೆ, ಬಸ್ಸಿನ ರೊಕ್ಕ ಹೇಗೆ ಕತ್ತರಿಸಿದರು, ಟಾಕಿ ತೊಳೆಯುವವನಿಗೆ ಎಷ್ಟು, ಮಗಳ ಫೀ ಎಷ್ಟು. ನೆಟ್ಟಗೆ ಕೂಲಿ ಕೊಟ್ಟರೆ ತಾನೇ ನೆಟ್ಟಗೆ ಕೆಲಸ ಆಗುವುದು ಎಂದೂ ಅಂದೆ. ಆರು ವರ್ಷ ಸಭೆಯಲ್ಲಿ ಹೇಳಿದ್ದನ್ನೇ ಅವಳ ಮುಂದೆ ಮತ್ತೆ ಹೇಳುತ್ತಿದ್ದೆ.

ಅವಳು ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮುನ್ನೂರಕ್ಕ ಸುಳ್ಳ ಬರದಿ,” ಎಂದಳು. “ಆರನೂರ ಕೊಟ್ಟಿದ್ರ ಖರೆ ಬರೀತಿದ್ದೇನು?”

ಅವಳು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಕೂಲಿಯ ಮೇಲೆ ಬದುಕಿದವಳು, ತಿಳಿದುಕೊಳ್ಳಲು ಕೇಳಿದ್ದಳು. ಬರೀತಿದ್ದೆ ಎನ್ನಲು ಬಾಯಿ ತೆರೆದೆ. ಆರುನೂರಕ್ಕೂ ಮೊಹರು ಮ್ಯಾನೇಜರನ ಕೈಯಲ್ಲೇ ಇರುತ್ತಿತ್ತು, ಕಳೆದುಕೊಳ್ಳುವುದು ಇನ್ನೂ ಹೆಚ್ಚಾಗಿರುತ್ತಿತ್ತು.

“ಗೊತ್ತಿಲ್ಲಬೇ,” ಎಂದೆ.

ಅವಳು ಎರಡೂ ಕೈಯಿಂದ ಒಂದೊಂದೇ ಕಾಲು ಎತ್ತಿ ಮಂಚದ ಮೇಲೆ ಇಟ್ಟುಕೊಂಡು ಸೆರಗು ಹೊದ್ದಳು.

“ಗೊತ್ತಾದಾಗ ಬಂದ ಹೇಳು. ನಾ ಎಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ.”