ಶುಕ್ರವಾರ ಸಂಜೆ ನಿಂತ ಚೌಕಾಸಿ

ಚೌಕಾಸಿಗೆ ಕೂತಾಗ ಎದುರಿನವನ ಅವಸರ ಯಾವುದೆಂದು ಮೊದಲು ಪತ್ತೆ ಮಾಡಬೇಕು. ಸೀತಾಬರ್ಡಿ ಪೇಟೆಯ ಫುಟ್‌ಪಾತಿನಲ್ಲಿ ಟವೆಲು ಮಾರುತ್ತ ಕಲಿತ ಪಾಠವಿದು, ನಿಮಗೂ ಹೇಳುತ್ತೇನೆ. ಆದರೆ ಅದು ನನಗೇ ಕೈಕೊಟ್ಟ ಸಂಗತಿಯನ್ನೂ ಹೇಳಬೇಕು.

ತೊಂಬತ್ತರ ದಶಕದ ಕೊನೆ. ಬಾಡಿಗೆಯ ಅಂಗಡಿಯನ್ನು ನಾನು ಸೋಮವಾರ ಖಾಲಿ ಮಾಡಲೇಬೇಕಿತ್ತು. ಮಾಲು ಇಡಲು ಬೇರೆ ಜಾಗವಿರಲಿಲ್ಲ. ಅದೇ ಗಲ್ಲಿಯಲ್ಲಿ ಒಬ್ಬ ಯೆಹೂದಿ ಹಿರಿಯರ ಮಳಿಗೆ ಮಾರಾಟಕ್ಕಿತ್ತು. ರೈಲ್ವೆ ನೌಕರಿಯಲ್ಲಿ ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕೂ. ಶುಕ್ರವಾರ ಹೊತ್ತು ಮುಳುಗಿದರೆ ಅವರಿಗೆ ಸಬ್ಬತ್. ಶನಿವಾರ ಮೂರು ನಕ್ಷತ್ರ ಮೂಡುವವರೆಗೆ ಸಹಿಯಿಲ್ಲ, ವ್ಯಾಪಾರದ ಮಾತೂ ಇಲ್ಲ. ಅದಕ್ಕೇ ನಾನು ಶುಕ್ರವಾರ ನಾಲ್ಕು ಗಂಟೆಗೆ ಅವರ ಮನೆಗೆ ಹೋದೆ. ಹೊತ್ತು ಇಳಿದಂತೆ ದರವೂ ಇಳಿದೀತು ಎಂಬ ಹುಷಾರಿ.

ಇಳಿಯಲಿಲ್ಲ. ಕರಾರುಪತ್ರ ನಮ್ಮಿಬ್ಬರ ನಡುವೆ ಬಿದ್ದಿತ್ತು. ಕಿಟಕಿಯ ಬಿಸಿಲು ಗೋಡೆ ಹತ್ತಿತು. ಕಾಕೂ ಎಣ್ಣೆಯ ದೀಪಕ್ಕೆ ಬತ್ತಿ ಹೊಂದಿಸುತ್ತಿದ್ದರು.

“ಇನ್ನೊಂದಿಷ್ಟು ಬಿಡ್ರಿ ಕಾಕಾ, ಈಗಿಂದೀಗ ಸಹಿ ಹಾಕತೀನಿ.”

“ನಿನ್ನ ಕಣ್ಣು ನನ್ನ ಮ್ಯಾಲಿಲ್ಲ ತಮ್ಮಾ, ಕಿಟಕಿ ಮ್ಯಾಲೈತಿ,” ಎಂದು ನಕ್ಕು ಕಾಕಾ ಪತ್ರವನ್ನು ಕಪಾಟಿನೊಳಗಿಟ್ಟರು. ಕಾಕೂ ದೀಪ ಹಚ್ಚಿ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ಸಬ್ಬತ್ ಶುರುವಾಯಿತು.

“ಆತು ಕಾಕಾ, ನಿಮ್ಮ ದರಾನ ಇರಲಿ!”

“ಇವತ್ತಿನ ಮಾತು ಮುಗೀತು. ಊಟಕ್ಕ ಕುಂಡರು.”

ರಾತ್ರಿ ಮನೆಯಲ್ಲಿ ನನ್ನ ಹೆಂಡತಿ ಬಿಡಲಿಲ್ಲ: “ಭಾಳ ಶಾಣ್ಯಾರು ನೀವು. ಸೋಮವಾರ ಟವೆಲ್ ಗಂಟೆಲ್ಲಾ ನನ್ನ ತಲಿ ಮ್ಯಾಲ ಇಡ್ರಿ.”

ಬೇರೆ ಗಿರಾಕಿ ನುಸುಳಿಯಾನೆಂಬ ಭಯಕ್ಕೆ ಶನಿವಾರ ಬೆಳಿಗ್ಗೆಯೇ ಹೋಗಿ ಕಾಕಾ ಎದುರು ಕೂತೆ. ಹೆದರಿದ್ದಂತೆಯೇ ಮಧ್ಯಾಹ್ನ ನಮ್ಮ ಗಲ್ಲಿಯ ಟೀವಿ ಅಂಗಡಿಯವನು ಬಂದ. “ಈ ಟವೆಲ್‌ವಾಲಾ ಇಲ್ಲೇ ಬೀಡು ಬಿಟ್ಟಿದ್ದಾನೇನು?” ಎಂದು ಮರಾಠಿಯಲ್ಲಿ ಕುಟುಕಿ, ನನ್ನ ಮುಂದೆಯೇ ಹೆಚ್ಚಿನ ದರ ಕೂಗಿದ. ಕಾಕೂ ಇಬ್ಬರಿಗೂ ಒಣದ್ರಾಕ್ಷಿಯ ಶರಬತ್ತು ಕೊಟ್ಟರು. “ಇವತ್ತು ನನ್ನ ಹತ್ತಿರ ಮಾರಲು ಏನೂ ಇಲ್ಲ,” ಎಂದರು ಕಾಕಾ. ಅವನು ನಾಳೆ ಬರುತ್ತೇನೆಂದು ಗೊಣಗುತ್ತ ಎದ್ದುಹೋದ.

“ಅವ ನಾಳೆ ಮನಸ್ಸು ಬದಲಿಸಿದರ ನಿಮಗ ಲುಕ್ಸಾನು ಅಲ್ಲೇನ್ರಿ?” ಎಂದು ತಡೆಯಲಾರದೆ ಕೇಳಿದೆ.

“ಆರು ದಿನ ಈ ಜಗತ್ತು ಬರೋಬರ್ ಇಲ್ಲ ಅಂತ ತಿದ್ದಕೋತ ಇರತೀವಿ. ಏಳನೇ ದಿನ ದೇವರೂ ಸಾಕು ಅಂತ ಕುಂತ. ನಾನೂ ಕುಂಡರತೀನಿ. ಇವತ್ತು ನಾ ಮಾಲಕ ಅಲ್ಲ, ನೀ ಗಿರಾಕಿ ಅಲ್ಲ. ಬರೇ ಇಬ್ಬರು ಮನಷ್ಯಾರು. ಕಾಲು ಅಲ್ಲಾಡಸೂದು ಬಿಡು, ಶರಬತ್ತು ಕುಡಿ.”

ಅವಸರವೆಲ್ಲ ನನ್ನೊಬ್ಬನದೇ ಎಂದು ಆಗ ಹೊಳೆಯಿತು. ಹೊಳೆದರೇನು, ಕಾಲು ನಿಲ್ಲಲಿಲ್ಲ.

ಸಂಜೆ ಇಬ್ಬರೂ ಮಾಳಿಗೆ ಹತ್ತಿದೆವು. ಎರಡು ನಕ್ಷತ್ರ ಬೇಗ ಕಂಡವು, ಮೂರನೆಯದು ಸತಾಯಿಸಿತು. ಕೆಳಗಿಳಿದು ಪ್ರಾರ್ಥನೆ ಮುಗಿಸಿ, ಕಾಕಾ ಕಪಾಟು ತೆರೆದರು.

“ನಿಮ್ಮ ದರಾನ ಕಾಕಾ,” ಎಂದೆ.

“ಟೀವಿಯವ ಹೆಚ್ಚು ಕೊಡತಾನ,” ಎಂದು ಕಾಕೂ ಮೆಲ್ಲಗೆ ನೆನಪಿಸಿದರು.

“ನಿನ್ನೆ ಇವನ ಜೋಡಿ ಮಾತು ನಿಂತಿತ್ತು, ಮುರದಿರಲಿಲ್ಲ,” ಎಂದು ಕಾಕಾ ಪೆನ್ನು ನನ್ನತ್ತ ಚಾಚಿದರು.