ಇಂಗ್ಲೆಂಡಿಗಾಗಿ ಬಿಟ್ಟ ಗಡ್ಡ

ಗಡ್ಡ ಎದೆಯವರೆಗೆ ಬಂದಿತ್ತು ಎಂದು ಬರೆಯಹೊರಟೆ. ಇರಲಾರದು, ಗಲ್ಲದಿಂದ ನಾಲ್ಕು ಬೆರಳು ಇಳಿದಿತ್ತೇನೋ. ಬಿಟ್ಟವನು ಮಾತ್ರ ನಿಪ್ಪಾಣಿಯ ನಮ್ಮ ಕಟಿಂಗ್ ಅಂಗಡಿಯವನೇ. ಅವನ ಕನ್ನಡಿಯ ಮೇಲೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರನೊಬ್ಬನ ಚಿತ್ರವಿತ್ತು. ಕತ್ತರಿಯನ್ನು ಗಾಳಿಯಲ್ಲೇ ಕಚಕಚ ಆಡಿಸುತ್ತ, "ಅಮೆರಿಕಾದಾಗ ಇವನ ಗುರ್ತು ಯಾರಿಗೂ ಇಲ್ರಿ, ನಾಚಿಕಿ ಬರಬೇಕು ಅವರಿಗೆ" ಅನ್ನುತ್ತಿದ್ದ. ಮುಂದಿನ, ಅಂದರೆ 1994ರ, ವಿಶ್ವಕಪ್ ಅಮೆರಿಕದಲ್ಲೇ ಎಂದು ತಿಳಿದದ್ದೇ ಯಡೂರು ವೀರಭದ್ರನಿಗೆ ಹರಕೆ ಹೊತ್ತ: ಅಲ್ಲಿ ಇಂಗ್ಲೆಂಡ್ ಗೋಲು ಹೊಡೆಯುವವರೆಗೆ ಗಡ್ಡ ತೆಗೆಯುವುದಿಲ್ಲ.

ಇಂಗ್ಲೆಂಡ್ ಅರ್ಹತಾ ಸುತ್ತಿನಲ್ಲೇ ಸೋತು ಹೊರಬಿತ್ತು. ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಗಿರಾಕಿಗಳು ಎದುರಿನ ಅಂಗಡಿಗೆ ಸರಿಯತೊಡಗಿದರು.

"ಮಾಮಾ, ನಿನ್ನ ಗಡ್ಡಾನ ನಿನಗ ತೆಗ್ಯಾಕ ಬರಂಗಿಲ್ಲ, ನಮ್ಮದೇನ್ ತೆಗಿತಿ?" ಎಂದು ಹುಡುಗನೊಬ್ಬ ಛೇಡಿಸಿದ.

"ದೇವರ ಕೆಲಸ ಐತಿ, ಸುಮ್ನ ಕುಂದ್ರಲೇ."

ವಿಶ್ವಕಪ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಕಪ್ಪುಬಿಳುಪು ಟಿವಿಯಲ್ಲಿ ಇಂಗ್ಲೆಂಡಿನವರಂತೆಯೇ ಬಿಳಿ ಅಂಗಿ ತೊಟ್ಟ ತಂಡವೊಂದು ಗೋಲು ಹೊಡೆಯಿತು. "ಹೊಡದ್ರಲೇ ನಮ್ಮವರು!" ಎಂದು ಕೂಗಿ, ತಾನೇ ಗಿರಾಕಿಯ ಕುರ್ಚಿಯಲ್ಲಿ ಕುಳಿತು ಮುಖಕ್ಕೆ ಸಾಬೂನು ಹಚ್ಚಿಕೊಂಡ. ಅದು ಯಾವ ದೇಶವೋ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವನು ನಿಜಕ್ಕೂ ಮೋಸಹೋದನೋ, ವೀರಭದ್ರನಿಗೂ ನಮಗೂ ಸೇರಿಸಿ ಮೋಸ ಮಾಡಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ.