ನಾಲ್ಕನೇ ಪರದೆ

ನಮ್ಮ ಬಂದರಿನಲ್ಲಿ ಬೆಕ್ಕುಗಳಿಗೂ ಮೀನು ಪುಕ್ಕಟೆ ಸಿಗುತ್ತದೆ. ನಾನು ಮಾತ್ರ ಮೂವತ್ತನಾಲ್ಕು ವರ್ಷಗಳಿಂದ ಅಂಗಡಿಯಲ್ಲಿ ಕೊಂಡು ತರುತ್ತಿದ್ದೇನೆ. ಇದಕ್ಕೆ ಕಾರಣ ನನ್ನ ಗಂಡ. ಹಿಸಾಮತ್ಸು ರೋಕುರೋ ಎಂದರೆ ಇಕಿ ದ್ವೀಪದ ಈ ಬದಿಯಲ್ಲಿ ಎಲ್ಲರಿಗೂ ಗೊತ್ತು. ದೋಣಿಗಳಿಗೆ ರಾಡಾರ್, ನಕ್ಷೆಯ ಯಂತ್ರ, ಮೀನು ತೋರಿಸುವ ಯಂತ್ರ ಕೂರಿಸುವ ಮನುಷ್ಯ. ಈ ಬಂದರಿನಲ್ಲಿ ಅವರ ಕೈಯಾಡದ ದೋಣಿ ಇಲ್ಲ. ಆದರೆ ಆ ಕೈ ಗಾಳದ ದಾರವನ್ನು ಮುಟ್ಟಿ ಮೂವತ್ತನಾಲ್ಕು ವರ್ಷವಾಯಿತು.

ಇಲ್ಲಿಯ ಪ್ರತಿ ಮೀನುಗಾರನ ಯಂತ್ರದಲ್ಲೂ ಅವನವನ ಗುರುತುಗಳಿರುತ್ತವೆ. ಯಾವ ಬಂಡೆಯ ಪಕ್ಕದಲ್ಲಿ ಯಾವ ತಿಂಗಳು ಬುರಿ ಮೀನು ಸೇರುತ್ತದೆ ಎನ್ನುವುದನ್ನು ಒಡಹುಟ್ಟಿದವರಿಗೂ ಯಾರೂ ಬಾಯಿಬಿಡುವುದಿಲ್ಲ. ಯಂತ್ರ ಹಳತಾದಾಗ ಮಾತ್ರ ನಮ್ಮವರ ಮುಂದೆ ಬಿಚ್ಚಿಡದೆ ವಿಧಿಯಿಲ್ಲ. ಹಳೆಯ ಯಂತ್ರದಲ್ಲಿರುವುದು ಹೊಸದಕ್ಕೆ ತಾನಾಗಿ ಹೋಗುವುದಿಲ್ಲ. ಚುಕ್ಕಾಣಿ ಕೋಣೆಯ ಪರದೆಬಟ್ಟೆ ಎಳೆದುಕೊಂಡು, ಒಂದೊಂದೇ ಗುರುತಿನ ಅಂಕಿಗಳನ್ನು ಓದಿ, ಕೈಯಾರೆ ಒತ್ತಬೇಕು. ಹೀಗೆ ಊರಿನ ಅಷ್ಟೂ ಗುಟ್ಟು ಒಬ್ಬ ಮನುಷ್ಯನ ಕಣ್ಣ ಮುಂದೆ ಹಾದುಹೋಗಿದೆ.

ಅವರಿಗೆ ಈ ಅಂಗಡಿ ಬಿಟ್ಟುಕೊಟ್ಟ ಮುದುಕ ಕಜಿಯಾಮ ಮೊದಲ ದಿನವೇ ಮೂರು ಕಟ್ಟಳೆ ಹೇಳಿದ್ದ. "ಯಾರ ಗುರುತನ್ನೂ ಕಾಗದದಲ್ಲಿ ಬರೆದಿಡಬೇಡ. ಗಾಳ ಹಾಕಬೇಡ. ಯಾರ ಮೀನನ್ನೂ ಮನೆಗೆ ತರಬೇಡ. ಒಬ್ಬನ ಮೀನು ತಂದ್ಯೋ, ಯಾರ ಗುಟ್ಟು ಹೇಳಿದ್ದಕ್ಕೆ ಇದು ಬಂತು ಅಂತ ಇನ್ನೊಬ್ಬ ಕೇಳ್ತಾನೆ." ನಮ್ಮವರು ಮೀನುಗಾರನ ಮನೆಯ ಆರನೆಯ ಮಗ. ಮದುವೆಗೆ ಮುಂಚೆ ಮೊದಲ ಸಲ ನನ್ನನ್ನು ಕರೆದುಕೊಂಡು ಹೋದದ್ದೇ ಬಂಡೆಯ ಮೇಲೆ ಗಾಳ ಹಾಕಲು. ಏಳು ಗಂಟೆ ಕೂರಿಸಿ ಎರಡು ಮಾತಾಡಿದರು, ಎರಡೂ ಮೀನಿನ ಜೊತೆ. ಅಂಥವರು ಕಜಿಯಾಮ ಹೇಳಿದ ಸಂಜೆಯೇ ತಮ್ಮ ಗಾಳದ ಕೋಲುಗಳನ್ನೆಲ್ಲ ಅಣ್ಣಂದಿರಿಗೆ ಹಂಚಿಬಿಟ್ಟರು. ಹಂಚಿ ಬಂದು ಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಆ ಮಾತು ಮತ್ತೆ ಎತ್ತಲಿಲ್ಲ.

ನಾನೇನು ಕಡಿಮೆ ಕಾಡಿದೆನೇ. "ಒಂದೇ ಒಂದು ಜಾಗ ಹೇಳ್ರೀ, ನಾನೇನು ದೋಣಿ ತಗೊಂಡು ಹೋಗ್ತೀನಾ" ಎಂದು ಎಷ್ಟು ಸಲ ಕೇಳಿದೆ. ಊಟದ ಡಬ್ಬಿ ಕೊಡಲು ದೋಣಿಗೆ ಹೋದರೆ ತಲೆ ಎತ್ತದೆಯೇ "ನೀನು ಆ ಕಡೆ ನೋಡು" ಎನ್ನುತ್ತಿದ್ದರು. ನಾನು ಸಮುದ್ರದ ಕಡೆ ಮುಖ ಮಾಡಿ ನಿಂತು, ಕೈ ಹಿಂದೆ ಚಾಚಿ ಡಬ್ಬಿ ಕೊಟ್ಟು ಬರುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಈಗಲೂ ನೆನೆದರೆ ಉರಿಯುತ್ತದೆ.

ಹೋದ ಫೆಬ್ರವರಿಯಲ್ಲಿ 'ಕೋಯೇ ಮಾರು' ದೋಣಿಯ ಕೆಲಸ ಬಂತು. ಅದರ ಒಡೆಯ ಉರಾಸೆ ತೊಕುಮತ್ಸು, ವಯಸ್ಸು ಎಪ್ಪತ್ತೊಂದು, ಬುರಿ ಹಿಡಿಯುವುದರಲ್ಲಿ ಈ ಬಂದರಿಗೇ ಮೊದಲಿಗ. "ಮೀನು ಎಲ್ಲಿದ್ರೂ ನನ್ನ ಮೂಗಿಗೆ ಗೊತ್ತಾಗುತ್ತೆ" ಎಂದು ಮೀನುಗಾರರ ಸಂಘದ ಬೆಂಚಿನ ಮೇಲೆ ಕೂತು ಕೊಚ್ಚಿಕೊಳ್ಳುತ್ತಿದ್ದ. ದೋಣಿಯಲ್ಲಿ ಅವನ ಜೊತೆಗಿರುವವಳು ಹೆಂಡತಿ ಫುಮಿಯೆ ಒಬ್ಬಳೇ. ಅವನು ಚುಕ್ಕಾಣಿ ಹಿಡಿಯುತ್ತಾನೆ, ಅವಳು ಹಿಂಬದಿಯಲ್ಲಿ ನಿಂತು ಉದ್ದನೆಯ ದಾರಗಳನ್ನು ನೋಡಿಕೊಳ್ಳುತ್ತಾಳೆ. ನಲವತ್ತನಾಲ್ಕು ವರ್ಷ ಹೀಗೇ ನಡೆಯಿತು. ಅವನು ಕೂಗಿದರೆ ಪಕ್ಕದ ದೋಣಿಗಳಿಗೂ ಕೇಳುತ್ತಿತ್ತು. "ಬಾಯ್ಮುಚ್ಕೊಂಡು ದಾರ ನೋಡೇ, ನಿಂಗೇನ್ ಗೊತ್ತು" ಎನ್ನುವುದೇ ಅದರಲ್ಲಿ ಹೆಚ್ಚು.

ಆ ದನಿ ಈಗ ಇಲ್ಲ. ಗಂಟಲಿನಲ್ಲಿ ಗಡ್ಡೆಯಾಗಿ ಹಕಾತ ನಗರದ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ಯಿಸಿಕೊಂಡು ಬಂದ. ಜೀವ ಉಳಿಯಿತು, ಉಳಿದ ದನಿ ಕಾಗದ ಹರಿದಷ್ಟೇ ಕೇಳುತ್ತದೆ. ದಾರ ಬಿಟ್ಟಿರುವಾಗ ದೋಣಿ ತಿರುಗಿಸುವ ಮುನ್ನ ಅವನು ಕೂಗಿ ಹೇಳಬೇಕು. ಒಂದು ಬೆಳಿಗ್ಗೆ ಅವನು ಹೇಳಿದ್ದು ಅವಳಿಗೆ ಮುಟ್ಟಲಿಲ್ಲ. ದೋಣಿ ತಿರುಗಿತು, ದಾರ ಅವಳ ಕಾಲಿಗೆ ಸುತ್ತಿತು. ಬೂಟು ಸಮುದ್ರಕ್ಕೆ ಹೋಯಿತು, ಪುಣ್ಯಕ್ಕೆ ಕಾಲು ಉಳಿಯಿತು.

ಮರುದಿನ ಇಬ್ಬರೂ ನಮ್ಮ ಅಂಗಡಿಗೆ ಬಂದರು, ಬರುವಾಗಲೇ ಜಗಳವಾಡುತ್ತ.

"ಇವಳು ಇನ್ಮೇಲೆ ದೋಣಿ ಹತ್ತೋದು ಬೇಡ" ಎಂದು ತೊಕುಮತ್ಸು ಗೊರಗೊರನೆ ಹೇಳಿದ.

"ನಾನು ಹತ್ತದಿದ್ರೆ ದೋಣಿ ಮಾರು" ಎಂದಳು ಫುಮಿಯೆ. "ದನಿ ಇಲ್ದೋನು ಒಬ್ನೇ ಹೋಗಿ ನೀರಿಗೆ ಬಿದ್ರೆ ಯಾರನ್ನ ಕರೀತೀಯ? ರೋಕುರೋ ಸಾನ್, ಇವನು ಏನು ಮಾಡ್ತಿದ್ದಾನೆ ಅಂತ ನನಗೆ ಹಿಂದಿನಿಂದ್ಲೇ ಕಾಣೋ ಹಾಗೆ ಏನಾದ್ರೂ ಮಾಡಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ."

ಆಗುವುದಿಲ್ಲ ಎಂದರೆ ಆ ಇಬ್ಬರ ನಲವತ್ತನಾಲ್ಕು ವರ್ಷದ ಕಸುಬು ಅಲ್ಲಿಗೆ ಮುಗಿಯುತ್ತಿತ್ತು. ಫುಮಿಯೆ ನನ್ನ ಗೆಳತಿ. ಮನೆಯಲ್ಲಿ ಕೂತು ಅವಳು ಹೇಗಿರುತ್ತಾಳೆಂದು ನನಗೆ ಗೊತ್ತು. ಒಂದು ವಾರದಲ್ಲಿ ಕಿಟಕಿ ಒರೆಸಿ ಒರೆಸಿ ಗಾಜು ಸವೆಸಿಬಿಡುತ್ತಾಳೆ.

ನಮ್ಮವರು ಯಾರಿಗೇ ಯಂತ್ರ ಕೂರಿಸುವಾಗಲೂ ಯಾವ ಯಂತ್ರ ಬೇಕು ಎಂದು ಮೊದಲು ಕೇಳುವುದಿಲ್ಲ. "ಹೆದರಿಕೆ ಆದಾಗ ಮೊದಲು ಎಲ್ಲಿ ನೋಡ್ತೀರಿ?" ಎಂದು ಕೇಳುತ್ತಾರೆ. ಬಂದ ಉತ್ತರದ ಮೇಲೆ ಯಾವ ಪರದೆ ಎಲ್ಲಿ ಎಂದು ತೀರ್ಮಾನಿಸುತ್ತಾರೆ. ತೊಕುಮತ್ಸು "ಎಡಕ್ಕೆ, ರಾಡಾರ್ ಕಡೆ" ಎಂದ. ಫುಮಿಯೆ ಸ್ವಲ್ಪ ಯೋಚಿಸಿದಳು. "ಇವನ ಬೆನ್ನಿನ ಕಡೆ" ಎಂದಳು. "ಯಾವ ಕಡೆ ತಿರುಗ್ತಾನೆ ಅಂತ ಭುಜ ನೋಡಿದ್ರೆ ಗೊತ್ತಾಗ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಭುಜಾನೂ ಮಾತಾಡ್ತಿಲ್ಲ." ತೊಕುಮತ್ಸು ಗೋಡೆ ನೋಡುತ್ತ ನಿಂತ.

ಆಮೇಲೆ ಹತ್ತು ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೋಣಿಯ ಚಿತ್ರ ಬರೆದರು. ರಟ್ಟನ್ನು ಪರದೆಗಳ ಅಳತೆಗೆ ಕತ್ತರಿಸಿ ದೋಣಿಗೆ ಒಯ್ದು, ಅಂಟಿಸಿ, ತೊಕುಮತ್ಸುವಿನ ಕುರ್ಚಿಯಲ್ಲಿ ಕೂತು ನೋಡಿದರು. ಮಧ್ಯಾಹ್ನದ ಬಿಸಿಲು ಬಲಗಡೆಯ ರಟ್ಟಿನ ಮೇಲೆ ಬೀಳುತ್ತದೆಂದು ಕಿತ್ತು ಮತ್ತೆ ಅಂಟಿಸಿದರು. ಎಡಕ್ಕೆ ರಾಡಾರ್, ನಡುವೆ ನಕ್ಷೆ, ಬಲಕ್ಕೆ ಮೀನು ತೋರಿಸುವುದು. ಒಂದು ಕೆಟ್ಟರೆ ಅದರ ಕೆಲಸವನ್ನು ಇನ್ನೊಂದು ಮಾಡುವ ಹಾಗೆ ಮೂರನ್ನೂ ಒಂದೇ ತಂತಿಗೆ ಪೋಣಿಸುವುದು. ತೊಕುಮತ್ಸು ನೋಡುವ ನಕ್ಷೆಯನ್ನೂ ದೋಣಿ ಹೋಗಲಿರುವ ದಾರಿಯನ್ನೂ ಹಾಗೇ ತೋರಿಸುವ ನಾಲ್ಕನೆಯ ಪರದೆ ಹಿಂಬದಿಯಲ್ಲಿ, ಫುಮಿಯೆಯ ಎದೆಯ ಎತ್ತರಕ್ಕೆ, ನೀರು ಸಿಡಿಯದಂತೆ ಮುಚ್ಚಳದ ಒಳಗೆ. ಅವಳ ಎತ್ತರ ಅಳೆಯಲು ನನ್ನನ್ನೇ ಅಡುಗೆಮನೆಯ ಬಾಗಿಲಿಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಾನು ಅವಳಿಗಿಂತ ಗಿಡ್ಡ ಎಂದು ಎರಡು ಬೆರಳು ಮೇಲೆ ಇನ್ನೊಂದು ಗೆರೆ ಎಳೆದರು. ಹಾಗೆ ಗೆರೆ ಎಳೆಯುವಾಗ ಅವರು ನಾಲಿಗೆಯ ತುದಿ ಕಚ್ಚಿಕೊಂಡಿರುತ್ತಾರೆ. ಅರವತ್ತೈದರಲ್ಲೂ ಶಾಲೆಯ ಹುಡುಗನ ಮುಖ. ಬೈಯಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ.

ಎಲ್ಲ ಸರಿಹೋಯಿತು ಎನ್ನುವಾಗ ತೊಕುಮತ್ಸು ಒಬ್ಬನೇ ಬಂದ. ಚಹ ಕೊಟ್ಟು ನಾನು ಒಳಗೆ ಹೋದೆ. ಒಳಗೆ ಎಂದರೆ ಬಾಗಿಲ ಹಿಂದೆ.

"ನಾಲ್ಕನೇ ಪರದೇಲಿ ನನ್ನ ಗುರುತು ಕಾಣಬಾರ್ದು" ಎಂದ.

"ಅಡಗಿಸಿಡಬಹುದು. ಒಂದು ಗುಂಡಿ ಒತ್ತಿದ್ರೆ ಮತ್ತೆ ಬರುತ್ತೆ. ಫುಮಿಯೆ ಸಾನ್ ಒತ್ತದೇ ಬಿಡೋ ಗುಂಡಿ ಉಂಟಾ?"

ತೊಕುಮತ್ಸು ಚಹದ ಲೋಟ ಕೆಳಗಿಟ್ಟ. "ಹಾಗಾದ್ರೆ ಹೆಸರುಗಳನ್ನ ಅಳಿಸಿಬಿಡು. ಬೇರೆ ಏನಾದ್ರೂ ಹಾಕು."

"ಇದ್ದದ್ದನ್ನ ಇದ್ದ ಹಾಗೇ ಸಾಗಿಸೋದು ನನ್ನ ಕೆಲಸ. ಎರಡು ಸಲ ಹಾಗೇ ಸಾಗಿಸಿದೀನಿ, ಮೂರನೇ ಸಲಾನೂ ಅಷ್ಟೇ. ಅಳಿಸೋ ಗುಂಡಿ ಯಾವ್ದು ಅಂತ ತೋರಿಸ್ತೀನಿ, ಬೇಕಿದ್ರೆ ನೀನೇ ಕೂತು ಅಳಿಸು."

ಹೆಸರು ಎಂದದ್ದೇ ನನ್ನ ಕಿವಿ ನಿಮಿರಿತು. ಇವನಿಗೆ ಹಕಾತದಲ್ಲಿ ಯಾವಳೋ ಇದ್ದಾಳೆ, ಅವಳ ಹೆಸರನ್ನು ಗುರುತಿಗೆ ಇಟ್ಟುಕೊಂಡಿದ್ದಾನೆ ಎಂದು ಆ ಕ್ಷಣವೇ ತೀರ್ಮಾನ ಮಾಡಿಬಿಟ್ಟೆ. ನಮ್ಮವರನ್ನು ಕೇಳಿದರೆ ತುಟಿ ಪಿಟಕ್ಕೆನ್ನಲಿಲ್ಲ. ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ. ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮೂರನೆಯ ದಿನ ಊರಿನವರೆಲ್ಲ ಹೋಗುವ ಸ್ನಾನದ ಮನೆಯಲ್ಲಿ ಫುಮಿಯೆ ಸಿಕ್ಕಾಗ ಹೇಳಿಬಿಟ್ಟೆ. ಹೇಳಿದ ಮೇಲೆ ಅವಳ ಮುಖ ನೋಡಿ, ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

"ಎರಡು ದಿನದಿಂದ ಪರದೆಬಟ್ಟೆ ಎಳ್ಕೊಂಡು ದೋಣೀಲಿ ಕೂತಿದ್ದಾನೆ. ಏನು ಅಳಿಸ್ತಿದ್ದಾನೆ ಅಂತ ಈಗ ಗೊತ್ತಾಯ್ತು" ಎಂದಳು. "ಯಂತ್ರ ಪರೀಕ್ಷೆಗೆ ಸಮುದ್ರಕ್ಕೆ ಹೋಗೋ ದಿನ ನೀನೂ ಬಾ. ನಾನು ದೋಣಿಯಿಂದ ಇಳೀತೀನೋ ಇಲ್ವೋ, ಅವತ್ತು ತೀರ್ಮಾನ."

ಆ ದಿನ ಬೆಳಿಗ್ಗೆ ಅಲೆ ಇರಲಿಲ್ಲ. ಒಳ್ಳೆಯದಾಗಲೆಂದು ತೊಕುಮತ್ಸು ದೋಣಿಯ ಮೂತಿಗೆ ಉಪ್ಪು ಚೆಲ್ಲಿ ಸಾಕೆ ಮದ್ಯ ಸುರಿದ. ಬಂದರಿನ ಗೋಡೆ ದಾಟಿದ ಮೇಲೆ ನಮ್ಮವರು ಒಂದೊಂದೇ ಪರದೆ ಹೊತ್ತಿಸಿದರು. ಎಡಕ್ಕೆ, ನಡುವೆ, ಬಲಕ್ಕೆ. ಕೊನೆಗೆ ಹಿಂಬದಿಗೆ ಬಂದು ನಾಲ್ಕನೆಯದರ ಮುಚ್ಚಳ ತೆರೆದರು. ನನ್ನ ಕಡೆ ತಿರುಗಿ "ನೀನು ಆ ಕಡೆ ನೋಡು" ಎಂದರು. ನಾನು ಸಮುದ್ರದ ಕಡೆ ತಿರುಗಿದೆ.

ಗುಂಡಿಯ ಸದ್ದು ಕೇಳಿತು. ಫುಮಿಯೆ ಒತ್ತಿದಳು. ಆಮೇಲೆ ಎಂಜಿನ್ನಿನ ಸದ್ದು ಮಾತ್ರ.

"ಫುಮಿ ಎರಡು" ಎಂದು ಅವಳು ಓದಿದಳು. "ಫುಮಿ ಮೂರು. ಫುಮಿ ನಾಲ್ಕು." ಅವಳ ದನಿ ನಿಧಾನವಾಯಿತು. "ಫುಮಿ ಮೂವತ್ತೇಳು. ಇದು ನಾನು ಹಕ್ಕಿಗಳನ್ನ ನೋಡಿ ಈ ಕಡೆ ತಿರುಗಿಸು ಅಂದಿದ್ದು. ನೀನು, ನಿಂಗೇನ್ ಗೊತ್ತು, ಬಾಯ್ಮುಚ್ಚು ಅಂದಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೀನೇ, ಯಾಕೋ ತಿರುಗಿಸ್ಬೇಕು ಅನ್ನಿಸ್ತಿದೆ ಅಂತ ತಿರುಗಿಸಿದ್ದೆ."

ತೊಕುಮತ್ಸು ಚುಕ್ಕಾಣಿ ಬಿಟ್ಟು ಹಿಂದಕ್ಕೆ ಬಂದ ಹೆಜ್ಜೆಸದ್ದು ಕೇಳಿತು.

"ಇನ್ನೂರ ಹನ್ನೆರಡರ ತನಕ ಇದೆ" ಎಂದಳು ಫುಮಿಯೆ. "ಇನ್ನೂರ ಹನ್ನೆರಡು ಸಲ ಬಾಯ್ಮುಚ್ಚು ಅಂದಿದೀಯ."

"ಹೆಚ್ಚೇ ಇರ್ಬೇಕು" ಎಂದ ಅವನು. "ಕೆಲವು ಸಲ ಮೀನು ಸಿಗ್ಲಿಲ್ಲ."

ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಬೆನ್ನು ತಿರುಗಿಸಿ ನಿಂತ ನನಗೆ ತಿಳಿಯಲಿಲ್ಲ. ಅವಳ ಬದಲು ನನ್ನ ಕಣ್ಣಲ್ಲಿ ನೀರು ಬಂತು. ಈ ಬೆಂಚಿನ ಶೂರನ ಮೂಗು ಯಾರದು ಎಂದು ನಮ್ಮವರಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಅವನು ಕೊಚ್ಚಿಕೊಳ್ಳುವಾಗ ಪಕ್ಕದಲ್ಲೇ ಕೂತು ಚಹ ಕುಡಿದಿದ್ದರು.

"ಒಂದು ಎಲ್ಲಿ?" ಎಂದು ಫುಮಿಯೆ ಕೇಳಿದಳು. "ಎರಡರಿಂದ ಶುರುವಾಗಿದೆ. ಒಂದು ಇಲ್ಲ."

"ಅಳಿಸಿಬಿಟ್ಟೆ" ಎಂದ ತೊಕುಮತ್ಸು. "ಅದೊಂದು ಅಳಿಸಿದೆ. ಆಮೇಲೆ ಎರಡು ದಿನ ಕೂತ್ರೂ ಎರಡನೇದಕ್ಕೆ ಕೈ ಬರ್ಲಿಲ್ಲ."

"ಮದುವೆಯಾದ ವರ್ಷದ್ದು ಅದು. ನಾನು ಮೊದಲ ಸಲ ಹೇಳಿದ್ದ ಜಾಗ. ಹಳೇ ಯಂತ್ರ ಎಲ್ಲಿ?"

ಹಳೆಯ ಯಂತ್ರವನ್ನು ನಮ್ಮವರು ಗುರುತು ಎಲ್ಲೂ ಉಳಿಯಬಾರದೆಂದು ಆಗಲೇ ಒಡೆದುಹಾಕಿದ್ದರು. ಹಿಂದಿನ ಕಾಲದ ಹಾಗೆ ಎರಡು ಗುಡ್ಡಗಳ ನೇರ ನೋಡಿ ಹೋಗೋಣವೆಂದರೆ ಆ ಜಾಗದಿಂದ ಗುಡ್ಡ ಕಾಣುವುದಿಲ್ಲವಂತೆ. ಆಗ ನಮ್ಮವರು ಗಂಟಲು ಸರಿಮಾಡಿಕೊಂಡು ಅಂಕಿಗಳನ್ನು ಹೇಳತೊಡಗಿದರು. ತಡವರಿಸದೆ, ಮನೆಯ ವಿಳಾಸ ಹೇಳುವಷ್ಟು ಸಲೀಸಾಗಿ, ಕೊನೆಯ ಅಂಕಿಯ ತನಕ ಹೇಳಿ "ಆಳ ಎಂಬತ್ನಾಲ್ಕು ಮೀಟರ್" ಎಂದು ಮುಗಿಸಿದರು.

ಕಾಗದದಲ್ಲಿ ಒಂದಕ್ಷರವೂ ಇಲ್ಲ. ಎಲ್ಲ ತಲೆಯಲ್ಲಿದೆ. ಎಲ್ಲರ ಬಂಡೆಗಳನ್ನೂ ತಲೆಯಲ್ಲಿ ಹೊತ್ತುಕೊಂಡು ಈ ಮನುಷ್ಯ ಮೂವತ್ತನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತು ಅಂಗಡಿಯ ಮೀನು ತಿಂದಿದ್ದಾರೆ. ನನಗೆ ಅವರ ಮೇಲೆ ಆ ಹೊತ್ತು ಎಷ್ಟು ಪ್ರೀತಿ ಬಂತೆಂದರೆ, ಎರಡು ಏಟು ಹಾಕಬೇಕು ಅನ್ನಿಸಿತು.

ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ಮುಟ್ಟಿದೆವು. ದಾರಿಯುದ್ದಕ್ಕೂ ಫುಮಿಯೆ ಪರದೆ ನೋಡುತ್ತ "ಈಗ ಎಡಕ್ಕೆ ತಿರುಗ್ತಾನೆ" ಎಂದು ಮೊದಲೇ ಹೇಳುತ್ತಿದ್ದಳು. ದೋಣಿ ನಿಂತಿತು. ಅವಳು ಗಾಳದ ದಾರವೊಂದನ್ನು ತಂದು ನಮ್ಮವರ ಮುಂದೆ ಹಿಡಿದದ್ದು ನನ್ನ ಓರೆಗಣ್ಣಿಗೆ ಬಿತ್ತು.

ಅವರು ಹಿಂದಕ್ಕೆ ಸರಿದರು. "ಬೇಡ. ಗೊತ್ತಲ್ಲ ನಿಮಗೆ."

"ಇವನ ಗುರುತಾಗಿದ್ರೆ ಬೇಡ. ಇದು ನನ್ನದು. ಹೆಸರು ಓದಿದ್ರಲ್ಲ? ನನ್ನ ಗುರುತನ್ನ ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ. ಊರಲ್ಲಿ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸಿ."

ನಮ್ಮವರು ದಾರ ತೆಗೆದುಕೊಂಡರು. ಜೇಬಿನಿಂದ ಕತ್ತರಿ ತೆಗೆದು ಗಾಳವನ್ನು ಕತ್ತರಿಸಿ ಫುಮಿಯೆಯ ಕೈಯಲ್ಲಿಟ್ಟರು. ಬರೀ ಸೀಸದ ಗುಂಡನ್ನು ನೀರಿಗೆ ಬಿಟ್ಟರು. ದಾರ ಅವರ ಬೆರಳುಗಳ ನಡುವೆ ಓಡುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ನಿಂತಿತು. ಅವರು ಸ್ವಲ್ಪ ಎತ್ತಿ ಮತ್ತೆ ಬಿಟ್ಟರು, ಮತ್ತೆ ಎತ್ತಿದರು.

"ಕಲ್ಲು" ಎಂದರು. ಇಷ್ಟು ವರ್ಷ ಬರೀ ಅಂಕಿಯಾಗಿ ಒತ್ತಿದ್ದ ಜಾಗ ಅವರ ಕೈಗೆ ತಾಗಿದ್ದು ಇದೇ ಮೊದಲು.

ಯಾರೂ ಅವಸರ ಮಾಡಲಿಲ್ಲ. ತೊಕುಮತ್ಸು ಎಂಜಿನ್ ಕೂಡ ಆರಿಸಿಬಿಟ್ಟ. ನಾನು ಇನ್ನೂ ಅವರು ಹೇಳಿದ್ದ ಕಡೆಗೇ ಮುಖ ಮಾಡಿ ನಿಂತಿದ್ದೆ.

"ಅಲ್ಲೇನು ನೋಡ್ತಾ ನಿಂತಿದೀಯ?" ಎಂದು ನಮ್ಮವರ ದನಿ ಕೇಳಿತು. "ಈ ಕಡೆ ಬಾ."

ಹೋದೆ. ದಾರವನ್ನು ನನ್ನ ಬೆರಳಿಗೆ ಸುತ್ತಿ, ನನ್ನ ಕೈಯನ್ನು ತಮ್ಮ ಕೈಯಿಂದ ಮೇಲೆ ಕೆಳಗೆ ಆಡಿಸಿದರು.

"ಕೆಳಗೆ ಬಂಡೆ ಇದೆ. ಗೊತ್ತಾಗ್ತಿದೆಯಾ?"

"ಗೊತ್ತಾಗ್ತಿದೆ" ಎಂದೆ. ನಿಜವಾಗಿಯೂ ಗೊತ್ತಾಗುತ್ತಿತ್ತು.